ಗೋಡೆಹಲ್ಲಿಗೆ ಪ್ಲಗಿನ್

ತಾಪತ್ರಯ ಶುರುವಾದದ್ದು ಯಾರೋ ಓದುಗ ಬರೆದ ಒಂದು ಸಾಲಿನಿಂದ. ‘ನಿಮ್ಮ ಹಳೆಯ ಬರಹಗಳನ್ನು ಹುಡುಕುವುದೇ ಕಷ್ಟವಾಗಿದೆ, ಏನಾದರೂ ಮಾಡಿ’ ಎಂದು ಆ ಪುಣ್ಯಾತ್ಮ ಬ್ಲಾಗಿನ ಕೆಳಗೆ ಬರೆದು ಹೋಗಿದ್ದ. ಸಂಕರ್ಷಣ ಅದನ್ನು ಓದಿ ಸುಮ್ಮನಿದ್ದಿದ್ದರೆ ಆ ಶುಕ್ರವಾರವೂ ಉಳಿದ ಶುಕ್ರವಾರಗಳ ಹಾಗೇ ಕಳೆದುಹೋಗುತ್ತಿತ್ತು. ಆದರೆ ಅವನು ಏನಾದರೂ ಮಾಡಲು ಹೊರಟ.

ಸಂಕರ್ಷಣ ಮುಳಬಾಗಿಲಿನವನು. ಕೋಲಾರದ ಒಂದು ಖಾಸಗಿ ಕಾಲೇಜಿನಲ್ಲಿ ಅಕೌಂಟ್ಸ್ ಗುಮಾಸ್ತ. ಬೆಳಗ್ಗೆ ತುಂಬಿದ ಡಬ್ಬಿ ಹಿಡಿದು ಬಸ್ಸಿನಲ್ಲಿ ಬರುವುದು, ಸಂಜೆ ಖಾಲಿ ಡಬ್ಬಿ ಹಿಡಿದು ಬಸ್ಸಿನಲ್ಲಿ ಹೋಗುವುದು. ಅವನು ಕಾಲೇಜಿನಲ್ಲಿ ಇದ್ದಾನೆಂಬುದು ಉಳಿದವರಿಗೆ ನೆನಪಾಗುತ್ತಿದ್ದದ್ದು ಸಂಬಳದ ದಿನ ಮಾತ್ರ. ಗ್ರೂಪ್ ಫೋಟೋದಲ್ಲಿ ಕೂಡ ಯಾರಾದರೂ ಒಬ್ಬರ ತಲೆ ಸರಿಯಾಗಿ ಅವನ ಮುಖದ ಮುಂದೆಯೇ ಬಂದಿರುತ್ತಿತ್ತು.

ಹೀಗೆ ಯಾರ ಕಣ್ಣಿಗೂ ಬೀಳದವನ ಕಣ್ಣಿಗೆ ಎಲ್ಲರೂ ಬೀಳುತ್ತಿದ್ದರು. ಕಂಡದ್ದನ್ನೆಲ್ಲ ಅವನು ‘ಪಕ್ಕದ ಟೇಬಲ್ಲು’ ಎಂಬ ಬ್ಲಾಗಿನಲ್ಲಿ ಬರೆಯುತ್ತಿದ್ದ. ಕನ್ನಡದಲ್ಲಿ ಬ್ಲಾಗು ಬರೆಯುವುದು ಆಗ ಹೊಸ ಹುಚ್ಚು. ಬರೆಯುವವನ ಹೆಸರಿನ ಜಾಗದಲ್ಲಿ ‘ಗೋಡೆಹಲ್ಲಿ’ ಎಂದಷ್ಟೇ ಇರುತ್ತಿತ್ತು. ಗೋಡೆಗೆ ಅಂಟಿಕೊಂಡು ಎಲ್ಲವನ್ನೂ ನೋಡುವ, ಆಗೊಮ್ಮೆ ಈಗೊಮ್ಮೆ ಲೊಚಗುಟ್ಟುವ ಪ್ರಾಣಿ.

ಬ್ಲಾಗಿನಲ್ಲಿ ಪ್ರಿನ್ಸಿಪಾಲ್ ಮುನಿಕೃಷ್ಣಪ್ಪನವರು ‘ಮೈಕಪ್ಪ’ ಆಗಿದ್ದರು. ಮೈಕು ಕೈಗೆ ಬಂದರೆ ಸಭಿಕರು ಎದ್ದು ಹೋದರೂ ಬಿಡದವರು. ಆಫೀಸ್ ಸೂಪರಿಂಟೆಂಡೆಂಟ್ ಆಂಜಿನಮ್ಮನವರು ‘ಬೀಗದಮ್ಮ’. ಒಂದು ತುಂಡು ಸೀಮೆಸುಣ್ಣ ಕೊಡಬೇಕಾದರೂ ಬೀರುವಿನ ಬೀಗ, ಒಳಗಿನ ಪೆಟ್ಟಿಗೆಯ ಬೀಗ, ಆಮೇಲೆ ಕೇಳಿದವರ ಬಾಯಿಗೂ ಬೀಗ.

ಮೋಜೆಂದರೆ, ಕಾಲೇಜಿನವರೇ ಈ ಬ್ಲಾಗಿನ ಕಟ್ಟಾ ಓದುಗರು. ಊಟದ ಹೊತ್ತಿಗೆ ಸ್ಟಾಫ್ ರೂಮಿನ ಕಂಪ್ಯೂಟರಿನ ಸುತ್ತ ಡಬ್ಬಿ ಬಿಚ್ಚಿಕೊಂಡು ಕೂರುವುದು, ಕನ್ನಡ ಮೇಡಂ ಮೃದುಲಾ ರಾಗವಾಗಿ ಓದುವುದು, ಉಳಿದವರು ಅನ್ನ ನೆತ್ತಿಗೇರಿಸಿಕೊಂಡು ನಗುವುದು. ಇದು ತಮ್ಮದೇ ಕಾಲೇಜಿನ ಕತೆ ಎಂಬ ಗುಮಾನಿ ಎಲ್ಲರಿಗೂ ಇತ್ತು. ತನ್ನದೇ ಕತೆ ಎಂಬ ಗುಮಾನಿ ಮಾತ್ರ ಯಾರಿಗೂ ಇದ್ದ ಹಾಗೆ ಕಾಣಲಿಲ್ಲ. ಬೀಗದಮ್ಮ ಅಂದರೆ ಲೈಬ್ರರಿಯ ಮುನಿಯಲ್ಲಮ್ಮನೇ ಎಂದು ಆಂಜಿನಮ್ಮನವರು ಸೆರಗು ಬಾಯಿಗೆ ಒತ್ತಿ ನಗುತ್ತಿದ್ದರೆ, ಅದು ಯಾರೆಂದು ಚೆನ್ನಾಗಿ ಗೊತ್ತಿದ್ದ ಮುನಿಯಲ್ಲಮ್ಮ ಅವರಿಗಿಂತ ಜೋರಾಗಿ ನಗುತ್ತಿದ್ದಳು.

“ಅನ್ನ ಹಾಕೋ ಜಾಗದ ಬಗ್ಗೆ ಹಿಂಗೆಲ್ಲಾ ಬರೀತೀರಲ್ಲ, ಗೊತ್ತಾದ್ರೆ ಏನ್ರೀ ಗತಿ?” ಎಂದು ಹೆಂಡತಿ ಮಾಧವಿ ಆಗಾಗ ಕೇಳುತ್ತಿದ್ದಳು.

“ಹಲ್ಲಿ ಯಾವ ಜಾತಿ, ಯಾವ ಊರು ಅಂತ ಯಾರಾದ್ರೂ ವಿಚಾರಿಸ್ತಾರೇನೇ?” ಎಂದು ಸಂಕರ್ಷಣ ಪೇಪರಿನ ಹಿಂದೆ ಮರೆಯಾಗುತ್ತಿದ್ದ.

ಸಂಕರ್ಷಣನಿಗೆ ತಿಳಿದ ಮಟ್ಟಿಗೆ ಕಾಲೇಜಿನಲ್ಲಿ ಗುಟ್ಟು ಗೊತ್ತಿದ್ದದ್ದು ಕಂಪ್ಯೂಟರ್ ಲೆಕ್ಚರರ್ ಚಂದ್ರಮೋಹನ್‌ಗೆ ಒಬ್ಬನಿಗೇ. ಬ್ಲಾಗಿನ ಸಾಫ್ಟ್‌ವೇರು ಹಾಕಿಕೊಟ್ಟವನೇ ಅವನು. ಒಳ್ಳೆಯ ಹುಡುಗ, ಕೇಳಿದ್ದಕ್ಕೆ ಇಲ್ಲ ಅನ್ನುವವನಲ್ಲ. ಕೇಳದೇ ಇದ್ದದ್ದನ್ನೂ ಮಾಡಿಬಿಡುತ್ತಾನೆಂಬುದೇ ತೊಡಕು.

ಆ ಬೆಳಗ್ಗೆ ಲ್ಯಾಬಿನಲ್ಲಿ ಕೂತು, ಬೀಗದಮ್ಮನ ಮೇಲಿನ ಹೊಸ ಬರಹವನ್ನು ಬ್ಲಾಗಿಗೆ ಏರಿಸಿ, ಸಂಕರ್ಷಣ ಅವನನ್ನು ಕೇಳಿದ.

“ಚಂದ್ರಮೋಹನ್ ಸಾರ್, ಹಳೇ ಬರಹಗಳನ್ನ ತಿಂಗಳುವಾರು ತೋರಿಸೋದು ಇದರಲ್ಲೇ ಇದೆ ಅಂತ ಕಾಣುತ್ತೆ. ಇಲ್ಲೊಂದು ಟಿಕ್ ಹಾಕಿದ್ರೆ ಸಾಕಲ್ವಾ?”

ಮದುವೆಮನೆಯಲ್ಲಿ ಪಾಯಸ ಬಿಟ್ಟು ಬರೀ ಮೊಸರನ್ನ ಕೇಳಿದವನನ್ನು ನೋಡುವ ಹಾಗೆ ಚಂದ್ರಮೋಹನ್ ಅವನನ್ನು ನೋಡಿದ.

“ಜೊತೆಗೇ ಬಂದಿರೋದನ್ನ ಯಾರ್ ಸಾರ್ ಉಪಯೋಗಿಸ್ತಾರೆ? ಅದು ಸರ್ಕಾರಿ ಬಸ್ ಇದ್ದಂಗೆ. ಸೀಟು, ಚಕ್ರ, ಬೆಲ್ಲು, ಮುಗೀತು. ಅದೇ ಶ್ರೀನಿವಾಸಪುರದ ಪ್ರೈವೇಟ್ ಬಸ್ ನೋಡಿ. ಮುಂದೆ ಲೈಟಿನ ಸರ, ಹಿಂದೆ ನವಿಲು, ಒಳಗೆ ಹಾಡು, ಹಾರ್ನ್ ಹೊಡೆದ್ರೆ ಇಡೀ ಸರ್ಕಲ್ಲೇ ತಿರುಗಿ ನೋಡ್ಬೇಕು. ಅದು ಸಾರ್ ಪ್ಲಗಿನ್ ಅಂದ್ರೆ!”

ಪ್ಲಗಿನ್ ಎಂದರೆ ಬೇರೆ ಯಾರೋ ಮಾಡಿಟ್ಟ ತುಂಡು ಸಾಫ್ಟ್‌ವೇರು. ತಂದು ಸಿಕ್ಕಿಸಿದರೆ ಬ್ಲಾಗಿಗೆ ಹೊಸದೊಂದು ವಿದ್ಯೆ ಬರುತ್ತದೆ.

“ನಾನು ಸರ್ಕಾರಿ ಬಸ್ಸಲ್ಲೇ ಓಡಾಡೋದು. ನೆಟ್ಟಗೆ ಮನೆ ಸೇರಿಸುತ್ತೆ,” ಎಂದ ಸಂಕರ್ಷಣ.

“ಅದಕ್ಕೇ ಸಾರ್ ನಿಮ್ಮ ಬ್ಲಾಗು ಹಿಂಗಿರೋದು. ಏಳಿ, ಕುರ್ಚಿ ಬಿಡಿ.”

ಸಂಕರ್ಷಣ ಎದ್ದ. ಚಂದ್ರಮೋಹನ್ ಕೂತ. ಹಳೆಯ ಬರಹಗಳನ್ನು ಮರದ ಕೊಂಬೆಗಳ ಹಾಗೆ ಬಿಡಿಸಿ ತೋರಿಸುವುದೊಂದು ಬಂತು. ಎಷ್ಟು ಜನ ಬಂದರು, ಯಾವ ದೇಶದಿಂದ ಬಂದರು ಎಂದು ಬಾವುಟ ಹಾರಿಸುವುದೊಂದು ಬಂತು. ಪರದೆಯ ಮೇಲಿಂದ ಬಿಳಿಯ ಚುಕ್ಕೆಗಳು ಉದುರತೊಡಗಿದವು.

“ಇದೇನಿದು?”

“ಹಿಮ ಸಾರ್. ಕೋಲಾರದಲ್ಲಿ ಇನ್ನೆಲ್ಲಿ ನೋಡ್ತೀರ?”

ಅಷ್ಟರಲ್ಲಿ ಫೀಜಿನ ಕೌಂಟರಿನಿಂದ ಕರೆ ಬಂತು. ಯಾರದೋ ರಸೀತಿಯ ತಕರಾರು. ಅದನ್ನು ಬಗೆಹರಿಸಿ ಸಂಕರ್ಷಣ ಓಡಿ ಬರುವ ಹೊತ್ತಿಗೆ ಚಂದ್ರಮೋಹನ್ ಬ್ಯಾಗು ಹೆಗಲಿಗೆ ಹಾಕಿ ಜೀಪಿನ ಕಡೆ ದಾಪುಗಾಲು ಹಾಕುತ್ತಿದ್ದ. ಅವನಿಗೆ ಶ್ರೀನಿವಾಸಪುರದಲ್ಲಿ ಪರೀಕ್ಷೆಯ ನಕಲು ಹಿಡಿಯುವ ಸ್ಕ್ವಾಡ್ ಡ್ಯೂಟಿ.

“ಇನ್ನೊಂದಷ್ಟು ಹಾಕಿದ್ದೀನಿ ಸಾರ್, ನೋಡಿ, ಖುಷಿ ಪಡ್ತೀರ! ಕಳ್ಳರು ಬರದ ಹಾಗೆ ಕಾವಲು ಪ್ಲಗಿನ್ ಹಾಕಿದ್ದೀನಿ. ಪಾಸ್‌ವರ್ಡ್ ಗಟ್ಟಿಯಾಗಿಲ್ಲ ಅಂತು, ಬದಲಾಯಿಸಿದ್ದೀನಿ. ಸಂಜೆ ಹೇಳ್ತೀನಿ,” ಎಂದು ಜೀಪಿನೊಳಗಿನಿಂದ ಕೂಗಿದ. ಜೀಪು ಹೊರಟಿತು.

ಸಂಕರ್ಷಣ ತನ್ನ ಟೇಬಲ್ಲಿಗೆ ಬಂದು, ಅಕ್ಕಪಕ್ಕ ನೋಡಿ, ಬ್ಲಾಗು ತೆರೆದ. ಹಿಮ ಚೆನ್ನಾಗಿಯೇ ಬೀಳುತ್ತಿತ್ತು. ಬೀಗದಮ್ಮನ ಹೊಸ ಬರಹದ ಮೇಲೂ ಬೀಳುತ್ತಿತ್ತು. ಬರಹ ಮುಗಿಯುವಲ್ಲಿ ಮೊದಲು ಇಲ್ಲದ ಒಂದು ಚೌಕ ಕಂಡಿತು. ‘ಲೇಖಕರ ಪರಿಚಯ’ ಎಂದು ಅದರ ತಲೆಯ ಮೇಲೆ ಬರೆದಿತ್ತು. ಅದರೊಳಗೆ ಒಂದು ಫೋಟೋ. ಭಾವಮೈದುನನ ಮದುವೆಯಲ್ಲಿ ಜರಿ ಪಂಚೆ ಉಟ್ಟು, ಪಾಯಸದ ಲೋಟ ಹಿಡಿದು ಹಲ್ಲು ಬಿಡುತ್ತಿರುವ ಸ್ವತಃ ಸಂಕರ್ಷಣ. ಪಕ್ಕದಲ್ಲಿ ಅವನ ಪೂರ್ತಿ ಹೆಸರು, ಹುದ್ದೆ, ವಿಭಾಗ, ಕಾಲೇಜು.

ಅವನು ಕುರ್ಚಿಯನ್ನು ಪರದೆಯ ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡ.

ತಪ್ಪು ಅವನದೂ ಇತ್ತು. ಲೆಕ್ಕದ ಮನುಷ್ಯ, ಖಾಲಿ ಕಾಲಂ ಕಂಡರೆ ಕೈ ಕಡಿಯುತ್ತಿತ್ತು. ಬ್ಲಾಗು ಶುರು ಮಾಡಿದ ದಿನ ಸಾಫ್ಟ್‌ವೇರು ಕೇಳಿದ ಎಲ್ಲ ವಿವರವನ್ನೂ ನಿಷ್ಠೆಯಿಂದ ತುಂಬಿ, ಫೋಟೋ ಕೂಡ ಅಂಟಿಸಿದ್ದ. ಕೊನೆಯಲ್ಲಿ ‘ಹೊರಗೆ ತೋರಿಸಬೇಕಾದ ಹೆಸರು’ ಎಂಬಲ್ಲಿ ಗೋಡೆಹಲ್ಲಿ ಎಂದು ಬರೆದಿದ್ದ. ಸಾಫ್ಟ್‌ವೇರು ಸಂಭಾವಿತ, ಅಂದಿನಿಂದಲೂ ಗೋಡೆಹಲ್ಲಿ ಎಂದೇ ತೋರಿಸುತ್ತಿತ್ತು. ಹೊಸದಾಗಿ ಬಂದ ಪ್ಲಗಿನ್ನಿಗೆ ಆ ದಾಕ್ಷಿಣ್ಯ ಇರಲಿಲ್ಲ. ಮನೆಗೆ ಬಂದ ಬೀಗರು ನೇರ ಅಡುಗೆಮನೆಗೆ ನುಗ್ಗಿ ಡಬ್ಬಗಳ ಮುಚ್ಚಳ ತೆಗೆದ ಹಾಗೆ, ಅದು ಒಳಗಿದ್ದದ್ದನ್ನೆಲ್ಲ ತಂದು ಬೀದಿಗೆ ಇಟ್ಟಿತ್ತು.

ಒಳಗೆ ಹೋಗಿ ಆ ಚೌಕವನ್ನು ಕಿತ್ತುಹಾಕೋಣವೆಂದು ಪಾಸ್‌ವರ್ಡ್ ಒತ್ತಿದ. ತಪ್ಪು. ಚಂದ್ರಮೋಹನ್ ಏನು ಇಟ್ಟಿರಬಹುದೆಂದು ಯೋಚಿಸಿ ಅವನ ಹೆಸರು ಒತ್ತಿದ. ತಪ್ಪು. ಅವನ ಮೋಟರ್‌ಬೈಕಿನ ನಂಬರು ಒತ್ತಿದ. ಪರದೆಯ ಮೇಲೆ ಮೀಸೆ ಹೊತ್ತ ಕಾವಲುಗಾರನ ಚಿತ್ರವೊಂದು ಬಂದು ನಿಂತಿತು. ‘ನೀವು ಕಳ್ಳರೆಂದು ತಿಳಿದುಬಂದಿದೆ. ಓದುವುದಾದರೆ ಓದಿ, ಇಡೀ ದಿನ ಈ ಜಾಗದಿಂದ ಒಳಗೆ ಪ್ರವೇಶವಿಲ್ಲ’ ಎಂಬರ್ಥದ ಇಂಗ್ಲಿಷು ಅದರ ಕೆಳಗಿತ್ತು. ಲ್ಯಾಬಿಗೆ ಓಡಿ ಅಲ್ಲಿಂದ ಪ್ರಯತ್ನಿಸಿದ. ಕಾವಲುಗಾರ ಅಲ್ಲಿಯೂ ಇದ್ದ. ಕಾಲೇಜಿನ ಎಲ್ಲ ಕಂಪ್ಯೂಟರುಗಳಿಗೂ ಹೊರಗೆ ಹೋಗುವ ದಾರಿ ಒಂದೇ ಆದ್ದರಿಂದ ಇಡೀ ಕಾಲೇಜೇ ಕಳ್ಳರ ಗುಂಪೆಂದು ಅವನು ತೀರ್ಮಾನಿಸಿದ್ದ.

ಚಂದ್ರಮೋಹನ್‌ಗೆ ಫೋನು ಮಾಡುತ್ತ ತನ್ನ ಟೇಬಲ್ಲಿಗೆ ವಾಪಸು ಬಂದ. ಸ್ವಿಚ್ಡ್ ಆಫ್. ಪರೀಕ್ಷೆಯ ಕೊಠಡಿಯಲ್ಲಿ ಮೊಬೈಲು ನಿಷಿದ್ಧ.

“ಏನಪ್ಪಾ ಸಂಕರ್ಷಣ, ಹಿಂಗ್ ಬೆವರ್ತಿದ್ದೀಯ?”

ಬೆನ್ನ ಹಿಂದೆ ಆಂಜಿನಮ್ಮನವರು, ಸೊಂಟದಲ್ಲಿ ಬೀಗದ ಗೊಂಚಲು. ಸಂಕರ್ಷಣ ಅಷ್ಟಗಲ ಕೈ ಚಾಚಿ ಪರದೆ ಮುಚ್ಚಿದ.

“ಏನಿಲ್ಲ ಮೇಡಂ, ಸೆಕೆ.”

“ಸೆಕೆ ಅಲ್ಲ ಕಣಪ್ಪಾ, ಪಿತ್ತ. ಮುಖ ನೋಡಿದ್ರೇ ಗೊತ್ತಾಗುತ್ತೆ. ಇರು.” ಆಂಜಿನಮ್ಮ ತಮ್ಮ ಬೀರುವಿನ ಬೀಗ ತೆಗೆದರು, ಒಳಗಿನ ಪೆಟ್ಟಿಗೆಯ ಬೀಗ ತೆಗೆದರು, ಫ್ಲಾಸ್ಕಿನಿಂದ ಒಂದು ಲೋಟ ರಾಗಿ ಅಂಬಲಿ ಬಗ್ಗಿಸಿದರು. “ಮಜ್ಜಿಗೆ ಹಾಕಿದ್ದೀನಿ. ಕುಡಿ. ಮಗಳು ಹೆಂಗಿದ್ದಾಳೆ? ಮತ್ತೆ ಜ್ವರ ಗಿರ ಬರ್ಲಿಲ್ಲ ತಾನೆ?”

ಹೋದ ವರ್ಷ ಮಗಳಿಗೆ ಜ್ವರ ಏರಿ ಕೋಲಾರದ ಆಸ್ಪತ್ರೆಗೆ ಸೇರಿಸಿದ್ದಾಗ ಮಾಧವಿಯ ಜೊತೆ ಎರಡು ದಿನ ಕೂತಿದ್ದವರು ಇದೇ ಆಂಜಿನಮ್ಮ. ಹೋಗುವಾಗ ಆಸ್ಪತ್ರೆಯ ಔಷಧಿ ಬೀರುವಿಗೂ ಬೀಗ ಹಾಕಿದೆಯೇ ಎಂದು ಎಳೆದು ನೋಡಿದ್ದರು. ಸಂಕರ್ಷಣ ಅದನ್ನೂ ಬ್ಲಾಗಿನಲ್ಲಿ ಬರೆದಿದ್ದ. ಕೂತಿದ್ದದ್ದನ್ನಲ್ಲ, ಎಳೆದು ನೋಡಿದ್ದನ್ನು.

ಸಂಕರ್ಷಣ ಅಂಬಲಿಯ ಲೋಟವನ್ನು ಹಾಗೇ ಟೇಬಲ್ಲಿನ ಮೇಲಿಟ್ಟ. ಕೆಲಸ ಹೋದೀತೆಂಬ ಭಯ ಮೊದಲೇ ಇತ್ತು. ಈಗ ಅದರ ಜೊತೆಗೆ ಈ ಹೆಂಗಸು ಊಟದ ಹೊತ್ತಿಗೆ ಎಲ್ಲರೆದುರು ಆ ಫೋಟೋ ನೋಡುತ್ತಾರಲ್ಲ ಎಂಬ ಸಂಕಟವೂ ಸೇರಿಕೊಂಡಿತು.

ಕರೆಂಟು ಹೋದರೆ ಬಚಾವು ಎಂದುಕೊಂಡ. ದಿನಾ ಹೋಗುವ ಕರೆಂಟು ಅವತ್ತು ಹರಕೆ ಹೊತ್ತವರ ಹಾಗೆ ಅಲ್ಲಾಡದೆ ನಿಂತಿತ್ತು. ಕಾದು ಕಾದು, ಯಾರೂ ಇಲ್ಲದ ಹೊತ್ತು ನೋಡಿ, ಸಂಕರ್ಷಣ ವರಾಂಡದ ತುದಿಯ ಸ್ವಿಚ್‌ಬೋರ್ಡಿನಿಂದ ಸ್ಟಾಫ್ ರೂಮಿನ ಫ್ಯೂಸನ್ನೇ ಕಿತ್ತುಬಿಟ್ಟ. ಒಳಗೆ ಫ್ಯಾನು ನಿಂತಿತು. ಕಂಪ್ಯೂಟರು ನಿಲ್ಲಲಿಲ್ಲ. ಹೋದ ತಿಂಗಳಷ್ಟೇ ತಂದಿದ್ದ ಯುಪಿಎಸ್ಸು ಕುಂಯ್ ಕುಂಯ್ ಎಂದು ಕೂಗತೊಡಗಿತು. ಅದರ ಬಿಲ್ಲು ಪಾಸು ಮಾಡಿದವನು ಸಂಕರ್ಷಣನೇ.

“ಏನ್ರೀ ಇದು?”

ಪ್ರಿನ್ಸಿಪಾಲ್ ಮುನಿಕೃಷ್ಣಪ್ಪನವರು ಚೇಂಬರಿನಿಂದ ಹೊರಗೆ ಬಂದಿದ್ದರು. ಸಂಕರ್ಷಣ ಕೈಯಲ್ಲಿ ಫ್ಯೂಸು ಹಿಡಿದು ನಿಂತಿದ್ದ.

“ಫ್ಯೂಸ್ ಸಡಿಲ ಆಗಿತ್ತು ಸಾರ್. ಸರಿ ಮಾಡ್ತಾ ಇದ್ದೆ.”

“ಭೇಷ್! ಅಕೌಂಟ್ಸ್‌ನೋರಿಗೆ ಈ ವಿದ್ಯೆನೂ ಬರುತ್ತೆ ಅಂತ ಗೊತ್ತಿರ್ಲಿಲ್ಲ. ಹಾಕಿ, ಹಾಕಿ. ಹಂಗೇ ನನ್ನ ಚೇಂಬರಿನ ಟ್ಯೂಬ್‌ಲೈಟೂ ಒಂದು ನೋಡ್ಬಿಡಿ.”

ಸಂಕರ್ಷಣ ಫ್ಯೂಸು ಹಾಕಿ, ಸ್ಟೂಲು ಹತ್ತಿ ಟ್ಯೂಬ್‌ಲೈಟು ತಿರುಗಿಸಿದ. ಸ್ವಚ್ಛತೆಯ ಮಹತ್ವದ ಬಗ್ಗೆ ಪ್ರಿನ್ಸಿಪಾಲರು ಕೆಳಗೆ ನಿಂತು ಮಾತಾಡಿದರು. ಅವರು ಉಸಿರು ಎಳೆದುಕೊಳ್ಳುವ ಸಂದು ನೋಡಿ ಇಳಿದು, “ಬ್ಯಾಂಕಿಗೆ ಹೋಗ್ಬೇಕು ಸಾರ್” ಎಂದು ಹೊರಗೆ ಓಡಿ ಆಟೋ ಹಿಡಿದ.

ಬಸ್ ಸ್ಟ್ಯಾಂಡಿನ ಹತ್ತಿರ, ಟೊಮೇಟೊ ಗಾಡಿಗಳು ತಿರುಗುವ ಮೂಲೆಯಲ್ಲಿ ಪೆದ್ದಪ್ಪನ ಸೈಬರ್ ಸೆಂಟರು. ಪೆದ್ದಪ್ಪ ತಾಯಲೂರಿನ ಕಡೆಯವನು. ಮಾತಿನಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು. ಗಿರಾಕಿ ಏನು ನೋಡುತ್ತಿದ್ದಾನೆಂದು ಹಿಂದೆ ನಿಂತು ತಾನೂ ನೋಡುವುದು ಅವನ ಅಭ್ಯಾಸ.

ಇಲ್ಲಿ ಕಾವಲುಗಾರ ತಡೆಯಲಿಲ್ಲ. ಆದರೆ ಹೊಸ ಪಾಸ್‌ವರ್ಡು ಗೊತ್ತಿಲ್ಲ. ಸಂಕರ್ಷಣ ತಲೆಗೆ ಕೈ ಹೊತ್ತು ಕೂತಾಗ, ಪಾಸ್‌ವರ್ಡ್ ಕೇಳುವ ಜಾಗದ ಕೆಳಗೆ ಸಣ್ಣ ಅಕ್ಷರದ ಒಂದು ಸಾಲು ಕಣ್ಣಿಗೆ ಬಿತ್ತು: ‘ಪಾಸ್‌ವರ್ಡ್ ಮರೆತಿರಾ?’ ಯಾರೂ ತಂದು ಸಿಕ್ಕಿಸಿದ್ದಲ್ಲ. ಸಾಫ್ಟ್‌ವೇರಿನ ಜೊತೆಗೇ ಬಂದದ್ದು. ಒತ್ತಿದ. ಅವನ ಮೇಲ್‌ಗೆ ಒಂದು ಕೊಂಡಿ ಬಂತು. ಹೊಸ ಪಾಸ್‌ವರ್ಡು ಇಟ್ಟ. ಬಾಗಿಲು ತೆರೆಯಿತು.

“ಸಾರ್,” ಎಂದ ಪೆದ್ದಪ್ಪ ಹಿಂದಿನಿಂದ, “ಆ ಪಾಯಸ ಕುಡಿಯೋರು ನೀವೇ ಅಲ್ವಾ? ಫೋಟೋ ಬಾಗುಂದಿ. ಚೆನ್ನಾಗಿದೆ.”

“ಅದನ್ನೇ ತೆಗೀಬೇಕಿತ್ತು ಪೆದ್ದಪ್ಪ.”

“ಎಂದುಕು ಸಾರ್? ಯಾಕೆ? ಸರಿ, ತೆಗೆಯೋದಾದ್ರೆ ಒಂದೊಂದೇ ತೆಗೀಬೇಡಿ. ಎಲ್ಲಾ ಒಟ್ಟಿಗೆ ಕಿತ್ತಾಕಿ. ಒಂದು ಬಿಟ್ರೂ ಕಳೆ ಥರ ಮತ್ತೆ ಬರುತ್ತೆ.”

ಪೆದ್ದಪ್ಪನ ಮಾತು ಹಿತವಾಗಿ ಕೇಳಿಸಿತು. ಸಂಕರ್ಷಣ ಎಲ್ಲ ಪ್ಲಗಿನ್ನುಗಳ ಮುಂದೆಯೂ ಗುರುತು ಹಾಕಿ, ನಿಲ್ಲಿಸು ಎಂಬ ಗುಂಡಿ ಒತ್ತಿದ. ಆದರೆ ಆ ಪ್ಲಗಿನ್ನುಗಳು ಬೆಳಗಿನಿಂದ ಒಂದರ ಸೊಂಟ ಒಂದು ಹಿಡಿದುಕೊಂಡಿದ್ದವು. ಎಲ್ಲವನ್ನೂ ಒಟ್ಟಿಗೆ ಎಳೆದಾಗ ಬ್ಲಾಗೂ ಅವುಗಳ ಜೊತೆಗೇ ಬಿತ್ತು. ಹಿಮ ಹೋಯಿತು, ಬಾವುಟ ಹೋಯಿತು, ಫೋಟೋ ಹೋಯಿತು, ಬರಹಗಳೂ ಹೋದವು. ಪರದೆಯ ತುಂಬ ಬರೀ ಬಿಳುಪು, ಹೊಸದಾಗಿ ಒಗೆದ ಪಂಚೆಯ ಹಾಗೆ.

“ಅಯ್ಯಯ್ಯೋ, ಪೋಯಿಂದಿ ಸಾರ್! ಹೋಯ್ತು!” ಎಂದು ಪೆದ್ದಪ್ಪ ಎದೆ ಹಿಡಿದುಕೊಂಡ.

ಸಂಕರ್ಷಣನಿಗೆ ಅವನನ್ನು ಅಪ್ಪಿಕೊಳ್ಳುವಷ್ಟು ಸಂತೋಷವಾಯಿತು. “ಹೋಗ್ಲಿ ಬಿಡಿ ಪೆದ್ದಪ್ಪ, ಹೋಗ್ಲಿ! ಇದಕ್ಕಿಂತ ಚೆನ್ನಾಗಿ ಯಾರ್ ಮಾಡ್ತಾರೆ?” ಎಂದು ಚಿಲ್ಲರೆಯನ್ನೂ ಬಿಟ್ಟು ಹೊರಟ. ಇಷ್ಟು ದಿನದ ಬರಹವೆಲ್ಲ ಮಾಯವಾದದ್ದಕ್ಕೆ ಇಷ್ಟು ಖುಷಿ ಪಟ್ಟ ಲೇಖಕನನ್ನು ಪೆದ್ದಪ್ಪ ಅದುವರೆಗೆ ನೋಡಿರಲಿಲ್ಲ.

ಸ್ಟಾಫ್ ರೂಮಿಗೆ ಬರುವ ಹೊತ್ತಿಗೆ ಡಬ್ಬಿಗಳೆಲ್ಲ ತೆರೆದಿದ್ದವು. ಹುರುಳಿಕಾಳು ಸಾರಿನ ಘಮ ತುಂಬಿತ್ತು. ಮೃದುಲಾ ಮೇಡಂ ಕಂಪ್ಯೂಟರಿನ ಮುಂದೆ ಸಪ್ಪೆ ಮುಖ ಮಾಡಿ ಕೂತಿದ್ದರು.

“ಪಕ್ಕದ ಟೇಬಲ್ಲು ಬರ್ತಾನೇ ಇಲ್ಲ ಕಣ್ರೀ. ಬರೀ ಬಿಳಿ.”

“ಅಯ್ಯೋ ಪಾಪ,” ಎಂದ ಸಂಕರ್ಷಣ. ತನ್ನ ಡಬ್ಬಿ ತೆಗೆದು ಚಿತ್ರಾನ್ನದ ಮೊದಲ ತುತ್ತು ಬಾಯಿಗಿಟ್ಟ. ಬೆಳಗ್ಗಿನಿಂದ ಮೊದಲ ಬಾರಿಗೆ ಹಸಿವಾಗಿತ್ತು. ಕಡಲೆಬೀಜ ಇಷ್ಟು ರುಚಿಯಾಗಿರುತ್ತದೆಂದು ಅವನಿಗೆ ಮರೆತೇಹೋಗಿತ್ತು.

“ತಾಳಿ ತಾಳಿ!” ಎಂದರು ಮೃದುಲಾ. “ನಂಗೆ ಮೇಲ್ ಬಂದಿದೆ. ‘ಪಕ್ಕದ ಟೇಬಲ್ಲಿನ ಹೊಸ ಬರಹ ಇನ್ನು ನಿಮ್ಮ ಮನೆಬಾಗಿಲಿಗೆ’ ಅಂತೆ! ಪೂರ್ತಿ ಬರಹ ಇದರಲ್ಲೇ ಇದೆ!”

“ನಂಗೂ ಬಂದಿರ್ಬೇಕು, ಬೆಳಗ್ಗೆ ಏನೋ ಬಂದಿತ್ತು,” ಎಂದು ಇನ್ಯಾರೋ ಅಂದರು.

ಚಂದ್ರಮೋಹನ್ ‘ಇನ್ನೊಂದಷ್ಟು ಹಾಕಿದ್ದೀನಿ’ ಅಂದದ್ದರಲ್ಲಿ ಇದೂ ಒಂದು ಎಂಬುದು ಸಂಕರ್ಷಣನಿಗೆ ಆಗ ಹೊಳೆಯಿತು. ಕಾಲೇಜಿನ ಎಲ್ಲರ ಮೇಲ್ ವಿಳಾಸವನ್ನೂ ಅದಕ್ಕೆ ತುಂಬಿ, ಬೆಳಗ್ಗೆಯೇ ಅಂಚೆಗೆ ಹಾಕಿ, ಆಮೇಲೆ ಅವನು ಜೀಪು ಹತ್ತಿದ್ದ. ಕಡಲೆಬೀಜ ಬಾಯಲ್ಲೇ ನಿಂತಿತು.

ಮೃದುಲಾ ಓದತೊಡಗಿದರು. ಬೀಗದಮ್ಮ ತನ್ನ ಮನೆಯ ತುಳಸಿಕಟ್ಟೆಗೂ ಬೀಗ ಹಾಕಿಸಿದ ಪ್ರಸಂಗ. ರೂಮಿಗೆ ರೂಮೇ ನಕ್ಕಿತು. ಆಂಜಿನಮ್ಮನವರಂತೂ “ಮುನಿಯಲ್ಲಮ್ಮ, ನಿಂದೇ ಕಣೇ ಇದು!” ಎಂದು ಮೇಜು ಕುಟ್ಟಿ ಕಣ್ಣೀರು ಒರೆಸಿಕೊಂಡರು. ಮೃದುಲಾ ಕೊನೆಗೆ ಬಂದರು.

“ಲೇಖಕರ ಪರಿಚಯ… ಸಂಕರ್ಷಣ… ಅಕೌಂಟ್ಸ್ ವಿಭಾಗ…” ಅವರ ರಾಗ ಕುಸಿಯಿತು.

ಎಲ್ಲರೂ ಪರದೆಯ ಕಡೆ ಬಗ್ಗಿದರು. ಪಾಯಸದ ಲೋಟ ನೋಡಿದರು. ಆಮೇಲೆ ಎಲ್ಲರೂ ಒಟ್ಟಿಗೆ ತಿರುಗಿ ಸಂಕರ್ಷಣನನ್ನು ನೋಡಿದರು. ಹಲ್ಲಿಯ ಹಾಗೆ ಬಾಲ ಬಿಟ್ಟು ಓಡುವುದಕ್ಕೂ ಅವನಿಗೆ ಬಾಲವಿರಲಿಲ್ಲ.

ಅದೇ ಹೊತ್ತಿಗೆ ಪ್ರಿನ್ಸಿಪಾಲರು ಒಳಗೆ ಬಂದರು. “ಏನು, ಇವತ್ತು ನಗು ನಿಂತೇ ಹೋಯ್ತಲ್ಲ?” ಎನ್ನುತ್ತ ಪರದೆಯ ಹತ್ತಿರ ಹೋಗಿ, ಕನ್ನಡಕ ಏರಿಸಿ ಓದಿದರು. ಸಂಕರ್ಷಣನ ಮುಖವನ್ನು ಒಂದು ಗಳಿಗೆ ನೋಡಿದರು. ಆಮೇಲೆ ಗಟ್ಟಿಯಾಗಿ ನಕ್ಕುಬಿಟ್ಟರು.

“ಯಾರ್ರೀ ಈ ಕಿತಾಪತಿ ಮಾಡಿರೋದು? ಪಾಪದೋನು ಸಿಕ್ಕಿದ ಅಂತ ಸಂಕರ್ಷಣನ ತಲೆಗೆ ಕಟ್ಟಿದ್ದಾರಲ್ಲ!”

ಕಟ್ಟೆ ಒಡೆದ ಹಾಗೆ ಎಲ್ಲರೂ ಉಸಿರು ಬಿಟ್ಟರು.

“ಅದೇ ನಾನೂ ಅಂದ್ಕೊಂಡೆ,” ಎಂದರು ಆಂಜಿನಮ್ಮ. “ರಜಾ ಚೀಟಿ ಬರೆಯೋಕೂ ನನ್ನ ಕೇಳ್ಕೊಂಡು ಬರ್ತಾನೆ, ಇವನು ಬರೀತಾನಾ ಇದನ್ನ?”

“ಶೈಲಿನೇ ಹೇಳುತ್ತಲ್ಲ,” ಎಂದರು ಮೃದುಲಾ. “ಇಷ್ಟು ಲಘುವಾದ ಗದ್ಯ. ಬರೀ ಜಮಾ ಖರ್ಚು ಬರೆಯೋ ಕೈಗೆ ಇದು ಬರಲ್ಲ.”

“ಕಂಪ್ಯೂಟರಲ್ಲಿ ಹಿಂಗೆ ಫೋಟೋ ಅಂಟಿಸಿ ಆಟ ಆಡೋಕೆ ಬರೋದು ಒಬ್ಬರಿಗೇ,” ಎಂದು ಮುನಿಯಲ್ಲಮ್ಮ ಮೆಲ್ಲಗೆ ಸೇರಿಸಿದ್ದೇ ತಡ, ಎಲ್ಲರ ಬಾಯಲ್ಲೂ ಒಂದೇ ಹೆಸರು: “ಚಂದ್ರಮೋಹನ್!”

ಬದುಕಿದೆಯಾ ಬಡಜೀವವೇ ಎಂದುಕೊಂಡ ಸಂಕರ್ಷಣ. ಬಾಯಲ್ಲಿದ್ದ ಕಡಲೆಬೀಜ ಅಗಿದು ನುಂಗಿದ. ಆ ನೆಮ್ಮದಿ ಹುಳಿಯಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಸುತ್ತ ಎಲ್ಲರೂ ಗೋಡೆಹಲ್ಲಿಯನ್ನು ಹೊಗಳುತ್ತಿದ್ದರು. ಎಂಥ ಕಣ್ಣು, ಎಂಥ ಮಾತು, ಚಂದ್ರಮೋಹನ್ ಒಳಗೆ ಇಷ್ಟೆಲ್ಲ ಇತ್ತಾ! ಲಘುವಾದ ಗದ್ಯವಂತೆ. ಈ ಕೈಗೆ ಬರುವುದಿಲ್ಲವಂತೆ. ಅವನ ಕಿವಿ ಬಿಸಿಯಾಯಿತು. ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಎದ್ದು ನಿಂತಿದ್ದ.

“ಅದನ್ನ ಬರೆದಿರೋದು ನಾನೇ.”

ಆಂಜಿನಮ್ಮನವರ ಕಣ್ಣಲ್ಲಿ ನೀರಾಡಿತು.

“ನೋಡಿ, ನೋಡಿ! ಸ್ನೇಹಿತನಿಗೆ ಕೆಟ್ಟ ಹೆಸರು ಬರುತ್ತೆ ಅಂತ ತನ್ನ ಮೇಲೆ ಹಾಕ್ಕೊಳ್ತಾನೆ. ಎಂಥಾ ಮನಸ್ಸಪ್ಪ ನಿಂದು! ಕೂತ್ಕೋ, ಬೆಳಗ್ಗಿಂದ ಪಿತ್ತ ಬೇರೆ. ಈ ಹುರುಳಿಕಾಳು ಸಾರು ಹಾಕ್ಕೋ.”

“ಇಲ್ಲ ಮೇಡಂ, ನಿಜವಾಗ್ಲೂ…”

“ಸಾಕು ಸಾಕು, ಬಿಡ್ರೀ,” ಎಂದು ಪ್ರಿನ್ಸಿಪಾಲರು ಅವನ ಹೆಗಲು ಒತ್ತಿ ಕೂರಿಸಿದರು.

ಇಳಿಬಿಸಿಲಿನ ಹೊತ್ತಿಗೆ ಶ್ರೀನಿವಾಸಪುರದಿಂದ ಜೀಪು ಬಂತು. ಇಳಿದ ಚಂದ್ರಮೋಹನ್‌ನನ್ನು ಸ್ಟಾಫ್ ರೂಮು ಚಪ್ಪಾಳೆ ಹೊಡೆದು ಬರಮಾಡಿಕೊಂಡಿತು. “ನಾನಲ್ಲ, ನಾನಲ್ಲ” ಎಂದು ಅವನು ಪ್ರಾಮಾಣಿಕವಾಗಿಯೇ ಅಂದ. “ದೊಡ್ಡ ಲೇಖಕರೆಲ್ಲ ಹಿಂಗೇ ಅನ್ನೋದು” ಎಂದರು ಮೃದುಲಾ. ಅವನು ಗುಂಪಿನ ನಡುವಿನಿಂದ ಸಂಕರ್ಷಣನ ಕಡೆ ನೋಡಿದ. ನಿಜ ಹೇಳಿಬಿಡು ಎಂದು ಸಂಕರ್ಷಣ ಕೈ ಆಡಿಸಿದ. ಸದ್ಯ ನನ್ನ ಹೆಸರು ಹೇಳಬೇಡ ಎಂದು ಚಂದ್ರಮೋಹನ್ ಅರ್ಥ ಮಾಡಿಕೊಂಡ. ಒಳ್ಳೆಯ ಹುಡುಗ, ಗೆಳೆಯನ ಗುಟ್ಟಿಗಾಗಿ ಅಷ್ಟೂ ಹೊಗಳಿಕೆಯನ್ನು ತಲೆ ತಗ್ಗಿಸಿ ಹೊತ್ತುಕೊಂಡ. ಆಮೇಲೆ ಲ್ಯಾಬಿಗೆ ಹೋಗಿ ಬಿದ್ದಿದ್ದ ಬ್ಲಾಗನ್ನು ಎಬ್ಬಿಸಿ ನಿಲ್ಲಿಸಿದ. ಬರಹಗಳೆಲ್ಲ ಒಳಗೆ ಸುರಕ್ಷಿತವಾಗಿದ್ದವು.

ಸಂಕರ್ಷಣ ಡಬ್ಬಿ ಬ್ಯಾಗಿಗೆ ತುರುಕಿ ಬಸ್ಸಿಗೆ ಹೊರಟಿದ್ದ. ಚೇಂಬರಿಗೆ ಬರಬೇಕೆಂದು ಪ್ರಿನ್ಸಿಪಾಲರು ಹೇಳಿಕಳಿಸಿದರು. ಟ್ಯೂಬ್‌ಲೈಟು ಮತ್ತೆ ಕೆಟ್ಟಿರಬೇಕೆಂದುಕೊಂಡು ಹೋದ.

ಟ್ಯೂಬ್‌ಲೈಟು ಚೆನ್ನಾಗಿಯೇ ಉರಿಯುತ್ತಿತ್ತು. ಮುನಿಕೃಷ್ಣಪ್ಪನವರು ಎದ್ದು ಬಾಗಿಲು ಮುಂದಕ್ಕೆ ಹಾಕಿದರು.

“ಕೂತ್ಕೊಳ್ರೀ ಗೋಡೆಹಲ್ಲಿ.”

ಸಂಕರ್ಷಣ ಕೂತ. ಕುರ್ಚಿ ಇದ್ದದ್ದು ಒಳ್ಳೆಯದಾಯಿತು.

“ಗಣರಾಜ್ಯೋತ್ಸವದ ದಿನ ನನ್ನ ಭಾಷಣದಲ್ಲಿ ‘ಹಾಗಾಗಿ’ ಅನ್ನೋದು ಎಷ್ಟು ಸಲ ಬಂತು ಅಂತ ಬರೆದಿದ್ರಲ್ಲ, ನಾನು ಮನೇಲಿ ರೆಕಾರ್ಡಿಂಗ್ ಹಾಕಿ ಎಣಿಸಿದೆ. ಕರೆಕ್ಟಾಗಿತ್ತು. ನಮ್ಮ ಕಾಲೇಜಲ್ಲಿ ಕೂಡೋ ಲೆಕ್ಕ ತಪ್ಪದೇ ಇರೋದು ನಿಮಗೊಬ್ಬರಿಗೇ. ಅವತ್ತೇ ಗೊತ್ತಾಯ್ತು.”

“ಸಾರ್, ತಪ್ಪಾಯ್ತು ಸಾರ್. ಆದ್ರೆ… ಮಧ್ಯಾಹ್ನ ಯಾಕೆ…”

“ಮಧ್ಯಾಹ್ನ ನಾನು ನಗದೇ ಇದ್ದಿದ್ರೆ ಆಂಜಿನಮ್ಮನೋರು ನಿಮ್ಮನ್ನ ಬೀರುವಿನೊಳಗೆ ಹಾಕಿ ಬೀಗ ಜಡೀತಿದ್ರು. ನೀವು ಬರೆಯೋದು ನಿಂತುಹೋಗ್ತಿತ್ತು. ನಂಗದು ಬೇಡ.” ಮೈಕಿಲ್ಲದಾಗ ಅವರ ದನಿ ಇಷ್ಟು ಮೆತ್ತಗಿರುತ್ತದೆಂದು ಸಂಕರ್ಷಣನಿಗೆ ಗೊತ್ತಿರಲಿಲ್ಲ. ಅವರು ಮೇಜಿನ ಮೇಲೆ ಬಾಗಿದರು. “ನಮ್ಮ ಆಡಳಿತ ಮಂಡಳಿ ಸೆಕ್ರೆಟರಿ ಇದ್ದಾರಲ್ಲ, ಅವರ ಬಗ್ಗೆ ಇದುವರೆಗೂ ಒಂದು ಸಾಲು ಬರೆದಿಲ್ಲ ನೀವು. ನನ್ನ ಹತ್ರ ಸರಕು ಬೇಕಾದಷ್ಟಿದೆ. ಇನ್ಮೇಲೆ ನಾನು ಹೇಳ್ತೀನಿ, ನೀವು ಬರೀರಿ.”

“ಸಾರ್, ಅವರಿಗೆ ಗೊತ್ತಾದ್ರೆ?”

“ಚಂದ್ರಮೋಹನ್ ಅಂತ ತಾನೆ ಗೊತ್ತಾಗೋದು? ಅದನ್ನೂ ಅವರ ಹತ್ರ ಮಾತಾಡಿದ್ದೀನಿ. ಚಂದ್ರಮೋಹನ್ ಹೇಗೂ ಮುಂದಿನ ತಿಂಗಳು ಬೇರೆ ಕಾಲೇಜಿಗೆ ಹೋಗ್ತಿದ್ದಾರೆ. ಮಾಲೂರಲ್ಲಿ ಒಳ್ಳೆ ಕೆಲಸ ಸಿಕ್ಕಿದೆ. ಎಷ್ಟು ಬೈದ್ರೂ ಅವರಿಗೇನೂ ತಗಲಲ್ಲ.” ಪ್ರಿನ್ಸಿಪಾಲರು ತೃಪ್ತಿಯಿಂದ ಹಿಂದಕ್ಕೆ ಒರಗಿದರು. “ಆದ್ರೆ ಒಂದು ಮಾತು. ನೀವು ಬರೆದದ್ದು ನೇರ ಹೊರಗೆ ಹೋಗಬಾರದು. ಮೊದ್ಲು ನನ್ನ ಹತ್ರ ಬರ್ಬೇಕು. ನಾನು ನೋಡಿ, ತಿದ್ದಿ, ಒಂದಷ್ಟು ಒಳ್ಳೇ ವಿಚಾರ ಸೇರಿಸಿ, ಸರಿ ಅಂದಮೇಲೇ ಪ್ರಕಟ ಆಗ್ಬೇಕು. ಆ ಸಾಫ್ಟ್‌ವೇರಲ್ಲಿ ಅದು ಆಗುತ್ತಾ? ಇಲ್ಲ, ಅದಕ್ಕೂ ಏನಾದ್ರೂ ಪ್ಲಗಿನ್ ಹಾಕಿಸ್ಬೇಕಾ?”

ಆಗುವುದಿಲ್ಲ ಸಾರ್ ಎಂದು ಒಂದು ಸುಳ್ಳು ಹೇಳಿದ್ದರೆ ಮುಗಿಯುತ್ತಿತ್ತು. ಸುಳ್ಳು ನಾಲಿಗೆಯ ತುದಿಗೆ ಬಂದೂ ಇತ್ತು. ಆದರೆ ಇಷ್ಟು ವರ್ಷ ಲೆಕ್ಕ ಒಪ್ಪಿಸಿದ ನಾಲಿಗೆ, ಇರುವುದನ್ನು ಇಲ್ಲವೆಂದು ಹೇಳಿ ಅದಕ್ಕೆ ರೂಢಿಯಿರಲಿಲ್ಲ.

“ಪ್ಲಗಿನ್ ಬೇಡ ಸಾರ್,” ಎಂದ ಸಂಕರ್ಷಣ, ಡಬ್ಬಿಯ ಬ್ಯಾಗನ್ನು ತೊಡೆಯಿಂದ ನೆಲಕ್ಕೆ ಇಳಿಸುತ್ತ. “ಆ ಸೌಲಭ್ಯ ಅದರ ಜೊತೆಗೇ ಬಂದಿದೆ.”